ಎಲ್ಲಿ ಒತ್ತುತ್ತದೆ ಹೇಳಿ

ಜನವರಿ 9, ಶುಕ್ರವಾರ

ಜ್ವರ ಇಲ್ಲ. ತೂಕ ನೂರ ಹದಿನೆಂಟು ಪೌಂಡು. ಮಧ್ಯಾಹ್ನ ಎಲೆಕೋಸು ನೂಡಲ್ಸ್ ಅರ್ಧ ಬಟ್ಟಲು.

ಈ ನೋಟುಪುಸ್ತಕ ಆಸ್ಪತ್ರೆಯ ನರ್ಸು ಕೊಟ್ಟದ್ದು. ನಿಮ್ಮ ಹೆಂಡತಿಯ ಜ್ವರ, ಮಾತ್ರೆ, ವಾಂತಿ ಎಲ್ಲ ಬರೆದಿಡಿ ಅಂದಿದ್ದಳು. ಜುಲೈಯಿಂದ ಬರೆದೆ. ಕ್ರಿಸ್‌ಮಸ್ಸಿಗೆ ಒಂದು ವಾರ ಮುಂಚೆ ಕೀಮೋದ ಕೊನೆಯ ಬಾಟಲಿ ಇಳಿಯಿತು, ಮಾತ್ರೆಯೂ ಮುಗಿಯಿತು, ಕರುಳಿನಲ್ಲಿ ಸದ್ಯಕ್ಕೆ ಏನೂ ಕಾಣಿಸುತ್ತಿಲ್ಲ ಅಂದರು. ಪುಸ್ತಕ ಅರ್ಧ ಖಾಲಿ ಉಳಿದಿದೆ. ಕೈಗೆ ಚಾಳಿ ಅಂಟಿದೆ. ಹೊಲ ಮಾರಿದ ಮೇಲೂ ನಮ್ಮಪ್ಪ ನಸುಕಿಗೆದ್ದು ಹಟ್ಟಿಯ ಕಡೆ ಹೋಗಿ ಬರುತ್ತಿದ್ದ, ಹಾಗೆ.

ಇವತ್ತು ನೋರೀನ್ ಕಾಫಿ ಲೋಟ ಬೀಳಿಸಿದಳು. ಈ ವಾರದಲ್ಲಿ ಮೂರನೆಯದು. ಬೆರಳ ತುದಿ ಜೋಮು ಹಿಡಿದಂತೆ ಇದೆ, ಬಿಡುವುದೇ ಇಲ್ಲ. ಡಾಕ್ಟರು ಇದು ಔಷಧದ ಗುಣ ಅಂದರು. ನರ ಒಂದು ವರ್ಷದಲ್ಲಿ ತಿರುಗಿ ಚಿಗುರಬಹುದು, ಚಿಗುರದೆಯೂ ಇರಬಹುದು. ಫ್ರಿಜ್ಜಿನಿಂದ ಹಾಲು ತೆಗೆಯಲೂ ಉಣ್ಣೆಯ ಕೈಗವಸು ಬೇಕು. ಅಂಗೈಯ ಚರ್ಮ ಬಿಸಿಲಿಗೆ ಸುಟ್ಟ ಮಕ್ಕಳ ಬೆನ್ನಿನ ಹಾಗೆ ಸುಲಿದು, ತೆಳ್ಳಗೆ ಗುಲಾಬಿ ಬಣ್ಣಕ್ಕೆ ಬಂದಿದೆ.

ನಾನು ನೆಲ ಒರೆಸುತ್ತಿದ್ದಾಗ ಡೆಲ್ಬರ್ಟ್ ಫೋನು ಮಾಡಿದ. ಶೂಟಿಂಗ್ ಕ್ಲಬ್ಬಿನಲ್ಲಿ ಗುಂಡು ಹಾರಿಸುವ ಸಾಲಿನ ಉಸ್ತುವಾರಿ ಅವನದೇ. ಏಪ್ರಿಲ್ ಹದಿನಾಲ್ಕರಿಂದ ಮಂಗಳವಾರದ ಪಂದ್ಯ ಶುರು, ಬರುತ್ತೀಯಾ ಅಂತ ಕೇಳಿದ. ನೋರೀನ್ ಬರುತ್ತೇನೆ ಅಂದುಬಿಟ್ಟಳು. ಲೋಟ ಹಿಡಿಯಲಾರದವಳು.

ಜನವರಿ 13, ಮಂಗಳವಾರ

ಜ್ವರ ಇಲ್ಲ. ತೂಕ ಅಷ್ಟೇ.

ಮಂಗಳವಾರದ ಪಂದ್ಯ ಅಂದರೆ ಐದು ಉಕ್ಕಿನ ತಟ್ಟೆ. ಗಡಿಯಾರ ಕೀಕ್ ಅಂದ ಕೂಡಲೆ ಐದಕ್ಕೂ ಗುಂಡು ತಾಗಿಸಬೇಕು. ನೋರೀನ್ ಇಪ್ಪತ್ತಾರು ವರ್ಷ ತಪ್ಪಿಸಿಲ್ಲ. ಗಂಡಸರು ಬಂದು ಅವಳ ನಿಲುವು ನೋಡಿಕೊಂಡು ಹೋಗುತ್ತಿದ್ದರು. ನಾನು ಒಂದು ಗುಂಡೂ ಹಾರಿಸಿದವನಲ್ಲ. ಮಡಚುವ ಕುರ್ಚಿ, ಹ್ಯಾಮ್ ಸ್ಯಾಂಡ್‌ವಿಚ್ಚಿನ ಡಬ್ಬಿ ಹೊರುವುದು ನನ್ನ ಪಾಲು. ಡೆಲ್ಬರ್ಟ್ ನನ್ನನ್ನು ‘ಹೇಸರಗತ್ತೆ’ ಅಂತಲೇ ಕರೆಯುವುದು.

ಅವನು ಇವತ್ತು ಮನೆಗೇ ಬಂದು ಕ್ಲಬ್ಬಿನ ನಿಯಮ ಹೇಳಿದ. ಕಾಯಿಲೆಯಿಂದ ಬಿಟ್ಟುಹೋದವರು ಮತ್ತೆ ಪಂದ್ಯಕ್ಕೆ ಬರುವಾಗ ಪರೀಕ್ಷೆ ಕೊಡಬೇಕು. ಖಾಲಿ ಪಿಸ್ತೂಲನ್ನು ಮೇಜಿನಿಂದ ಹತ್ತು ಸಲ ಎತ್ತಬೇಕು. ಕಣ್ಣು ತಟ್ಟೆಯ ಮೇಲೆ. ತೋರುಬೆರಳು ಗುಂಡು ಹಾರಿಸುವ ಕುದುರೆಯನ್ನು ಮುಟ್ಟದೆ, ಪಿಸ್ತೂಲಿನ ಮೈಗುಂಟ ನೆಟ್ಟಗೆ ಇರಬೇಕು. ಗುರಿ ಸೇರುವ ಮೊದಲು ಒಂದೇ ಒಂದು ಸಲ ಬೆರಳು ಕುದುರೆಯ ಕಡೆಗೆ ಒಳಗೆ ಹೋದರೂ ಫೇಲು. ಕೈಜಾರಿ ಬಿದ್ದರಂತೂ ಕೇಳುವುದೇ ಬೇಡ. ಏಪ್ರಿಲ್ ಹನ್ನೊಂದು, ಶನಿವಾರ ಅಂತ ದಿನ ಗೊತ್ತು ಮಾಡಿದ.

ಅವನು ಹೋದ ಮೇಲೆ ಅವಳು ಖಾಲಿ ಪಿಸ್ತೂಲು ತೆಗೆದು ಸೋಫಾದ ಮೇಲೆ ಎತ್ತಿ ನೋಡಿದಳು. ಎರಡನೇ ಸಲವೇ ಜಾರಿ ದಿಂಬಿನ ಮೇಲೆ ಬಿತ್ತು. ಸಾಬೂನು ಹಿಡಿದ ಹಾಗೆ ಆಗುತ್ತದೆ ಅಂದಳು. ಈ ಆರು ತಿಂಗಳಲ್ಲಿ ಮಾತಾಡದಿರುವುದನ್ನು ಚೆನ್ನಾಗಿ ಕಲಿತಿದ್ದೇನೆ.

ಜನವರಿ 17, ಶನಿವಾರ

ಡೆಲ್ಬರ್ಟನದೇ ಉಪಾಯ. ಈಗಿನ ಪಿಸ್ತೂಲಿನ ಹಿಡಿಕೆ ಪ್ಲಾಸ್ಟಿಕ್ಕಿನದು. ಹುಡುಗರು ಮನೆಯಲ್ಲೇ ಕೂತು, ಬೆಸುಗೆ ಹಾಕುವ ಬಿಸಿ ಕಡ್ಡಿಯಿಂದ ಅದರ ಮೇಲೆ ಸಾವಿರಾರು ಚುಕ್ಕಿ ಚುಚ್ಚಿ ಒರಟು ಮಾಡಿಕೊಳ್ಳುತ್ತಾರಂತೆ. ಬೆವರಿದ ಕೈಯೂ ಜಾರುವುದಿಲ್ಲವಂತೆ. ನಿನಗೆ ಬರುತ್ತದೋ ಇಲ್ಲವೋ ಅಂದ.

ನನಗೆ ನಗು ಬಂತು. ಮೂವತ್ತನಾಲ್ಕು ವರ್ಷ ದಂತವೈದ್ಯರ ಹಿಂದಿನ ಕೋಣೆಯಲ್ಲಿ ಕೂತು ಹಲ್ಲುಸೆಟ್ಟು ಮಾಡಿದವನು ನಾನು. ಗುಲಾಬಿ ವಸಡು ಗಾಜಿನ ಹಾಗೆ ನುಣ್ಣಗಿದ್ದರೆ ಒಂದು ಹರದಾರಿ ದೂರದಿಂದಲೇ ಸುಳ್ಳು ಅಂತ ಗೊತ್ತಾಗುತ್ತದೆ. ನಿಜವಾದ ವಸಡು ಕಿತ್ತಳೆ ಸಿಪ್ಪೆಯ ಹಾಗೆ. ಆ ಚುಕ್ಕಿಗಳನ್ನು ಒಂದೊಂದಾಗಿ ಒತ್ತುತ್ತಿದ್ದುದು ಈ ಕೈ. ಈ ಕಣಿವೆಯಲ್ಲಿ ಎಷ್ಟು ಜನ ನನ್ನ ಚುಕ್ಕಿ ಬಾಯಲ್ಲಿಟ್ಟುಕೊಂಡೇ ಮಣ್ಣಿಗೆ ಹೋದರೋ.

ಅವಳ ಪಿಸ್ತೂಲಿನದು ಬಿಡಿ ಹಿಡಿಕೆ. ಉಕ್ಕಿನ ಭಾಗವೆಲ್ಲ ಒಟ್ಟಿಗೆ ಮೇಲಕ್ಕೆ ಬರುತ್ತದೆ, ಕೆಳಗೆ ಬರಿಯ ಚಿಪ್ಪು ಉಳಿಯುತ್ತದೆ. ಕೆಟ್ಟರೆ ಚಿಪ್ಪು ಮಾತ್ರ ಕೆಡುತ್ತದೆ. ಮೂರು ಚಿಪ್ಪು ತರಿಸಲು ಹೇಳಿದೆ.

ಜನವರಿ 27, ಮಂಗಳವಾರ

ಜ್ವರ ನೋಡಿದೆ, ಇಲ್ಲ. ಅವಳಿಗೆ ಸಿಟ್ಟು ಬಂತು. ಇನ್ನೂ ಎಷ್ಟು ದಿನ ಆ ಕೋಲು ನನ್ನ ಬಾಯಿಗೆ ತುರುಕುತ್ತೀಯ ಅಂದಳು.

ಹೊರಗೆ ಮೊಣಕಾಲುದ್ದ ಹಿಮ. ನೆಲಮಾಳಿಗೆಯಲ್ಲಿ ಹಳೆಯ ಬೆಂಚನ್ನು ಒರೆಸಿ ಕೂತೆ. ಮೊದಲು ಡೆಲ್ಬರ್ಟ್ ಕೊಟ್ಟ ಒಡೆದ ಪ್ಲಾಸ್ಟಿಕ್ ತುಂಡಿನ ಮೇಲೆ ಕೈ ಪಳಗಿಸಿದೆ. ಕಡ್ಡಿಯ ಬಿಸಿ ಹೆಚ್ಚಾದರೆ ಪ್ಲಾಸ್ಟಿಕ್ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತದೆ, ಕಮ್ಮಿಯಾದರೆ ಬರಿ ಗುಳಿ ಬೀಳುತ್ತದೆ. ಸಾಲಾಗಿ ಚುಚ್ಚಬಾರದು, ಸಾಲು ಎಲ್ಲಿ ಸೊಟ್ಟಗಾದರೂ ಕಣ್ಣಿಗೆ ಹೊಡೆಯುತ್ತದೆ. ಕೋಳಿ ಕಾಳು ಹೆಕ್ಕಿದ ಹಾಗೆ ಅಲ್ಲೊಂದು ಇಲ್ಲೊಂದು ಚುಚ್ಚುತ್ತಾ ತುಂಬಬೇಕು.

ಸುಟ್ಟ ವಾಸನೆ ಮೇಲಕ್ಕೆ ಹೋಗಿ ನೋರೀನಳಿಗೆ ಹೊಟ್ಟೆ ತೊಳಸಿತು. ಕಿಟಕಿ ತೆಗೆದು, ಬಾಗಿಲ ಸಂದಿಗೆ ಟವೆಲು ತುರುಕಿ, ಕೋಟು ಹಾಕಿಕೊಂಡು ಕೂತೆ. ಬೆನ್ನು ನೋವು. ಆದರೂ ಮೂರು ಗಂಟೆ ಹೋದದ್ದು ತಿಳಿಯಲಿಲ್ಲ.

ಫೆಬ್ರವರಿ 3, ಮಂಗಳವಾರ

ಮೊದಲ ಚಿಪ್ಪು ಮುಗಿಯಿತು. ನೋಡಲು ಬಹಳ ಚೆನ್ನಾಗಿದೆ. ಅಂಚಿನ ಗೆರೆ ಕೂದಲೆಳೆಯಷ್ಟೂ ಕದಲಿಲ್ಲ. ಉಕ್ಕಿನ ಭಾಗ ಕೂರಿಸಿ, ಖಾಲಿ ಇದೆಯೆಂದು ಎರಡು ಸಲ ನೋಡಿ ಅವಳ ಕೈಗೆ ಕೊಟ್ಟೆ.

“ಚೆನ್ನಾಗಿದೆ ಲೆಸ್. ಆದ್ರೆ ಬೆರಳಿಗೆ ಏನೂ ತಿಳೀತಿಲ್ಲ.”

ಇನ್ನೂ ಒರಟು ಬೇಕು. ಬೆರಳು ಸುತ್ತಿಕೊಳ್ಳುವ ಮುಂಭಾಗದಲ್ಲಂತೂ ಹೆಚ್ಚೇ ಬೇಕು, ಜೋಮಿರುವುದು ಅಲ್ಲೇ ತಾನೆ.

ತೂಕ ನೂರ ಹತ್ತೊಂಬತ್ತು.

ಫೆಬ್ರವರಿ 11, ಬುಧವಾರ

ಎರಡನೇ ಚಿಪ್ಪು. ಈ ಸಲ ಚುಕ್ಕಿ ಆಳ, ಸುತ್ತ ಎದ್ದ ಅಂಚನ್ನು ತೆಗೆಯದೆ ಹಾಗೇ ಬಿಟ್ಟೆ. ನನ್ನ ಬೆರಳಿಗೆ ಬೆಕ್ಕಿನ ನಾಲಿಗೆಯ ಹಾಗೆ ತಾಗುತ್ತದೆ.

ನೋರೀನ್ ಹಿಡಿದು ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ, ಈಗ ತಿಳಿಯುತ್ತಿದೆ ಅಂದಳು. ಹತ್ತು ಸಲ ಎತ್ತಿದಳು, ಒಂದು ಸಲವೂ ಜಾರಲಿಲ್ಲ. ಏನು ತಿಳಿಯಿತು ಅಂದೆ. ಎಲ್ಲ ತಿಳಿಯಿತು ಮಾರಾಯ, ಪಾಠ ಒಪ್ಪಿಸಬೇಕೇನು ಅಂದಳು.

ಕೆಳಗೆ ಹೋಗಿ ಬೆಂಚು ಗುಡಿಸುತ್ತಿದ್ದೆ. ಮೇಲಿನಿಂದ ಕೂಗಿ, ಸಿಳ್ಳೆ ಹಾಕುತ್ತಿರುವುದು ಯಾರು ಅಂತ ಕೇಳಿದಳು. ನಾನೇ ಹಾಕುತ್ತಿದ್ದೆನಂತೆ. ನನಗೆ ಗೊತ್ತೇ ಇರಲಿಲ್ಲ.

ಫೆಬ್ರವರಿ 20, ಶುಕ್ರವಾರ

ಈಸ್ಟರಿಗೆ ಮುಂಚಿನ ಉಪವಾಸದ ಕಾಲದ ಮೊದಲ ಶುಕ್ರವಾರ. ಅಗ್ನಿಶಾಮಕ ದಳದ ಸಭಾಂಗಣದಲ್ಲಿ ಮೀನೂಟ. ಕಾಯಿಲೆಯ ನಂತರ ನೋರೀನ್ ಜನರ ನಡುವೆ ಬಂದದ್ದು ಇವತ್ತೇ. ಕರಿದ ಮೀನು ಅರ್ಧ ತಿಂದಳು, ಆಲೂ ತುಂಬಿದ ಪಿರೋಗಿ ಕಡುಬು ಎರಡು.

ಸಾಲಿನಲ್ಲಿ ನಿಂತಾಗ ಡೆಲ್ಬರ್ಟ್ ನನ್ನ ಹೆಗಲಿಗೆ ತಟ್ಟಿ, “ಏನಯ್ಯಾ ಹೇಸರಗತ್ತೆ, ಈಗ ಬಂದೂಕಿಗೂ ಹಲ್ಲು ಕಟ್ಟೋಕೆ ಶುರು ಮಾಡಿದ್ಯಂತೆ?” ಅಂದ. ಸುತ್ತಲಿದ್ದವರು ನಕ್ಕರು. ನಾನು ಬಾಯಿ ತೆಗೆಯುವ ಮೊದಲೇ ನೋರೀನ್, ನಿನ್ನ ಬಾಯಲ್ಲಿರುವುದೂ ಇವನೇ ಕಟ್ಟಿದ್ದು, ಜೋಪಾನವಾಗಿ ನಗು, ಉದುರೀತು ಅಂದಳು. ಎಷ್ಟು ದಿನವಾಗಿತ್ತು ಅವಳ ಬಾಯಿಂದ ಇಂಥ ಮಾತು ಕೇಳಿ.

ಅವಳ ಎರಡು ಬೆರಳಿಗೆ ಪಟ್ಟಿ ಇತ್ತು. ಆಲೂಗಡ್ಡೆ ಹೆರೆಯುವಾಗ ತಾಗಿತಂತೆ. ಇನ್ನು ಮೇಲೆ ಹೆರೆಯುವ ಕೆಲಸ ನನಗೆ ಬಿಡು ಅಂದೆ.

ಮಾರ್ಚ್ 3, ಮಂಗಳವಾರ

ಕ್ಲಬ್ಬಿನ ಒಳಾಂಗಣದಲ್ಲಿ ಅಭ್ಯಾಸ. ಅವಳು ಇಪ್ಪತ್ತು ಗುಂಡು ಹಾರಿಸಿದಳು. ನಿಧಾನವೇ, ಆದರೆ ಪಿಸ್ತೂಲು ಕೈಯಲ್ಲಿ ಮೊಳೆ ಹೊಡೆದ ಹಾಗೆ ಕೂತಿತ್ತು. ಗುಂಡಿನ ಸದ್ದಿಗೆ ನನ್ನ ಎದೆ ಪ್ರತಿ ಸಲ ಹಾರುತ್ತದೆ, ಇವತ್ತು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹೇಗಿದೆ ಅಂತ ಕೇಳಿದೆ. ಹೇಳಿ ಮಾಡಿಸಿದ ಹಾಗಿದೆ ಅಂದಳು. ಹೇಗಿದೆ ಅಂತ ಕಾರಿನಲ್ಲಿ ಮತ್ತೆ ಕೇಳಿದೆ. ಅದನ್ನೇ ಹೇಳಿದಳು.

ಇಲ್ಲಿಯವರೆಗೆ ಬಂದದ್ದೇ ಹೆಚ್ಚು. ದೇಹವೆಲ್ಲ ದಣಿದಿದೆ, ಆದರೆ ನೇಗಿಲು ಬಿಟ್ಟ ಸಂಜೆಯ ದಣಿವಿನ ಹಾಗೆ.

ಮನೆಗೆ ಬಂದ ಮೇಲೆ ಇನ್ನೊಂದು ಬೆರಳಿಗೆ ಪಟ್ಟಿ ಸುತ್ತಿಕೊಳ್ಳುತ್ತಿದ್ದಳು. ಬಟಾಣಿ ಡಬ್ಬಿಯ ಮುಚ್ಚಳವಂತೆ.

ಮಾರ್ಚ್ 10, ಮಂಗಳವಾರ

ಮತ್ತೆ ಕ್ಲಬ್ಬು. ಮೂವತ್ತು ಗುಂಡು. ಮೂರನೇ ಚಿಪ್ಪಿಗೆ ಕೈ ಹಾಕುವುದೇ ಬೇಡ ಅನ್ನಿಸುತ್ತಿದೆ, ಎರಡನೆಯದೇ ಸಾಕು. ಮುಂಭಾಗವನ್ನು ಇನ್ನೊಂದು ಸುತ್ತು ಒರಟು ಮಾಡಿ ಕೊಟ್ಟೆ. ಬೇಡ ಅನ್ನಲಿಲ್ಲ.

ಮಾರ್ಚ್ 14, ಶನಿವಾರ

ಬೆಳಿಗ್ಗೆ ಪಿಸ್ತೂಲು ಬಿಚ್ಚಿ ಚೊಕ್ಕ ಮಾಡಲು ಕೂತೆ. ಉಕ್ಕಿನ ಭಾಗಕ್ಕೆ ಎಣ್ಣೆ ಬಟ್ಟೆ, ಚಿಪ್ಪಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಸಾಬೂನು ನೀರು. ಮುಂಭಾಗದ ಚುಕ್ಕಿಗಳನ್ನು ಉಜ್ಜಿದಾಗ ನೀರು ಕಂದಾಯಿತು. ತುಕ್ಕು ಅಂದುಕೊಂಡೆ. ಇನ್ನೂ ನಾಲ್ಕು ಸಲ ಉಜ್ಜಿದೆ.

ಪ್ಲಾಸ್ಟಿಕ್ಕಿಗೆ ತುಕ್ಕು ಹಿಡಿಯುವುದಿಲ್ಲ.

ಬ್ರಷ್ಷು ಹಿಡಿದುಕೊಂಡೇ ಮೇಲೆ ಹೋದೆ. ನೋರೀನ್ ಕಿಟಕಿಯ ಹತ್ತಿರ ಕೂತು ಪದಬಂಧ ತುಂಬುತ್ತಿದ್ದಳು. ಬ್ರಷ್ಷು ನೋಡಿದಳು, ಪೆನ್ಸಿಲು ಕೆಳಗಿಟ್ಟಳು. ನಾನು ಅವಳ ಬೆರಳಿನ ಪಟ್ಟಿ ಬಿಚ್ಚಿದೆ, ಅವಳು ತಡೆಯಲಿಲ್ಲ. ಆಲೂಗಡ್ಡೆಯೂ ಅಲ್ಲ, ಬಟಾಣಿ ಡಬ್ಬಿಯೂ ಅಲ್ಲ. ಮೂರು ಬೆರಳ ತುದಿಯ ಎಳೆ ಚರ್ಮ ತುರಿಯುವ ತಗಡಿಗೆ ಉಜ್ಜಿದ ಹಾಗೆ ಕಿತ್ತು ಹೋಗಿತ್ತು. ನನ್ನ ಚುಕ್ಕಿಗಳ ಗುರುತು ಅಚ್ಚೊತ್ತಿದ ಹಾಗೆ ಇತ್ತು.

ಎಷ್ಟು ದಿನದಿಂದ ಅಂತ ಕೇಳಿದೆ. ಎರಡನೇ ಚಿಪ್ಪಿನಿಂದ ಅಂದಳು.

“ಮತ್ತೆ ತಿಳಿಯುತ್ತೆ ಅಂದ್ಯಲ್ಲೇ?”

“ಏನೂ ತಿಳೀಲಿಲ್ಲ ಲೆಸ್. ಕಣ್ಣಲ್ಲಿ ನೋಡ್ಕೊಂಡು ಎತ್ತುತ್ತಿದ್ದೆ. ರಕ್ತ ಬಂದಿದ್ದೂ ಬಟ್ಟೆ ಮೇಲೆ ಕಂಡಾಗಲೇ ಗೊತ್ತಾಗಿದ್ದು. ನೋವೇ ಇಲ್ವಲ್ಲ.”

“ಹೇಳೋಕೇನಾಗಿತ್ತು?”

ಅವಳು ಪದಬಂಧದ ಹಾಳೆ ಮಡಚಿಟ್ಟಳು.

“ನೀನು ಕೆಳಗೆ ಸಿಳ್ಳೆ ಹಾಕ್ತಿದ್ದೆ. ಆರು ತಿಂಗಳಿಂದ ಈ ಮನೇಲಿ ಒಬ್ರೂ ಸಿಳ್ಳೆ ಹಾಕಿರ್ಲಿಲ್ಲ. ನಂಗೇನೂ ತಿಳೀತಿಲ್ಲ ಅಂದ್ರೆ ನೀನು ಮತ್ತೆ ಆ ಪುಸ್ತಕ ಹಿಡ್ಕೊಂಡು ನನ್ನ ಜ್ವರ ಅಳೀತಾ ಕೂತ್ಕೋತಿದ್ದೆ.”

ಔಷಧ ಹಚ್ಚಿ ಪಟ್ಟಿ ಸುತ್ತಿದೆ. ಕೆಳಗೆ ಬಂದು ಬೆಸುಗೆ ಕಡ್ಡಿಯ ವೈರು ಕಿತ್ತೆ.

ಮಾರ್ಚ್ 16, ಸೋಮವಾರ

ಬರೆಯಲು ಏನಿಲ್ಲ.

ಮಾರ್ಚ್ 19, ಗುರುವಾರ

ಡೆಲ್ಬರ್ಟ್ ಎರಡು ಸಲ ಫೋನು ಮಾಡಿದ. ಎತ್ತಲಿಲ್ಲ. ಊಟಕ್ಕೆ ಡಬ್ಬಿಯ ಸೂಪು. ಇಬ್ಬರೂ ಟೀವಿ ನೋಡಿದೆವು.

ಮಾರ್ಚ್ 23, ಸೋಮವಾರ

ಇವತ್ತು ದಂತವೈದ್ಯರ ಕೋಣೆಯೇ ಕಣ್ಣ ಮುಂದೆ ಬರುತ್ತಿತ್ತು.

ಹೊಸ ಸೆಟ್ಟು ಹಾಕಿಸಿಕೊಂಡವರು ಒಂದು ವಾರ ಬಿಟ್ಟು ಬರುತ್ತಿದ್ದರು. ಡಾಕ್ಟರು ನನ್ನನ್ನು ಒಳಗಿನಿಂದ ಕರೆಸುತ್ತಿದ್ದರು. ‘ಎಲ್ಲಿ ಒತ್ತುತ್ತದೆ ಹೇಳಿ’ ಅಂತ ಕೇಳುವುದು ನನ್ನ ಕೆಲಸ. ಒಳ್ಳೆಯ ಮನೆತನದ ಮುದುಕಿಯರು, ಎಲ್ಲೂ ಇಲ್ಲಪ್ಪ, ಬಹಳ ಚೆನ್ನಾಗಿದೆ ಅನ್ನುತ್ತಿದ್ದರು. ಕಷ್ಟಪಟ್ಟು ಮಾಡಿದ್ದಾನೆ ಪಾಪ ಅಂತ. ಬಾಯಿ ತೆಗೆಸಿ ನೋಡಿದರೆ ಒಳಗೆಲ್ಲ ಹುಣ್ಣು. ಬಾಯಿಯ ಮಾತು ನಂಬಬೇಡ, ಪೇಸ್ಟನ್ನು ನಂಬು ಅಂತ ನನಗೆ ಕಲಿಸಿದ ಹಿರಿಯ ಹೇಳುತ್ತಿದ್ದ. ಸೆಟ್ಟಿನ ಒಳಮೈಗೆ ಬಿಳಿ ಪೇಸ್ಟು ತೆಳ್ಳಗೆ ಸವರಿ ಬಾಯಿಗಿಟ್ಟು ಕಚ್ಚಿಸಿದರೆ, ಎಲ್ಲಿ ಒತ್ತುತ್ತದೋ ಅಲ್ಲಿ ಪೇಸ್ಟು ಅಳಿಸಿರುತ್ತದೆ. ಪೇಸ್ಟಿಗೆ ದಾಕ್ಷಿಣ್ಯವಿಲ್ಲ.

ಇನ್ನೊಂದು ಮಾತು ಹೇಳುತ್ತಿದ್ದ. ದೂರು ಹೇಳಿಕೊಂಡು ತಿರುಗಿ ಬರುವವನೇ ಸೆಟ್ಟು ಹಾಕಿಕೊಳ್ಳುವವನು. ಚೆನ್ನಾಗಿದೆ ಅಂದವನ ಸೆಟ್ಟು ಮೇಜಿನ ಖಾನೆಯಲ್ಲಿ ಮಲಗಿರುತ್ತದೆ.

ಮೂವತ್ತನಾಲ್ಕು ವರ್ಷ ಊರಿಗೆಲ್ಲ ಕೇಳಿದ ಪ್ರಶ್ನೆ. ಮನೆಯವಳಿಗೆ ಮಾತ್ರ ‘ಹೇಗಿದೆ’ ಅಂತ ಕೇಳಿದೆ. ಹೊಗಳಿಕೆಗೆ ಬಟ್ಟಲು ಒಡ್ಡಿದ ಹಾಗೆ.

ಮಾರ್ಚ್ 24, ಮಂಗಳವಾರ

ಎರಡನೇ ಚಿಪ್ಪನ್ನು ಉಪ್ಪುಕಾಗದದಲ್ಲಿ ಉಜ್ಜಿದೆ. ತಿಂಗಳ ಕೆಲಸ ಒಂದು ಗಂಟೆಯಲ್ಲಿ ಕಪ್ಪು ಪುಡಿಯಾಯಿತು. ಬೇಜಾರಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ.

ಹಳೆಯ ಪೇಸ್ಟಿನ ಟ್ಯೂಬು ಒಣಗಿ ಕಲ್ಲಾಗಿತ್ತು. ಅಂಗಡಿಯಿಂದ ಮಗುವಿನ ತಿಕಕ್ಕೆ ಹಚ್ಚುವ ಬಿಳಿ ಮುಲಾಮು ತಂದು, ಅಡುಗೆಯ ವನಸ್ಪತಿ ಸ್ವಲ್ಪ ಸೇರಿಸಿ ಕಲಸಿದೆ. ಆ ಪೇಸ್ಟಿನಲ್ಲಿ ಇರುವ ಸಾಮಾನೂ ಅದೇ. ಅಂಗಡಿಯ ಹುಡುಗಿ ಮೊಮ್ಮಗುವೇ ಅಂತ ಕೇಳಿದಳು. ಅಲ್ಲ, ಪಿಸ್ತೂಲಿಗೆ ಅಂದೆ. ಮುಂದೆ ಏನೂ ಕೇಳಲಿಲ್ಲ.

ನೋರೀನ್ ಅಡುಗೆಮನೆಯ ಮೇಜಿನ ಮುಂದೆ ಕೂತು, ಮುಲಾಮು ಸವರಿದ ಬರಿಯ ಚಿಪ್ಪನ್ನು ಹಿಡಿದಳು. ಮೊದಲು ಅವಳನ್ನು ಬಾಯಿಬಿಟ್ಟು ಕೇಳಿದೆ. ಎಲ್ಲಿ ತಿಳಿಯುತ್ತದೆ, ಎಲ್ಲಿ ತಿಳಿಯುವುದಿಲ್ಲ. ಕಣ್ಣು ಮುಚ್ಚಿಸಿ, ಪೆನ್ಸಿಲಿನ ತುದಿಯಿಂದ ಒಂದೊಂದೇ ಕಡೆ ಮುಟ್ಟಿದೆ. ಬೆರಳ ತುದಿ, ಇಲ್ಲ. ನಡುಗೆಣ್ಣು, ಇಲ್ಲ. ಬೆರಳ ಬುಡ, ಇದೆ. ಹೆಬ್ಬೆರಳ ಕೆಳಗಿನ ಉಬ್ಬು, ಇದೆ. ಅಂಗೈಯ ಬುಡ, ಚೆನ್ನಾಗಿ ಇದೆ.

ಜೋಮಿರುವ ಕಡೆಯೇ ಒರಟು ಮಾಡುತ್ತಾ ಕೂತಿದ್ದೆ ನಾನು. ಕಿವುಡನ ಕಿವಿಯಲ್ಲಿ ಶಂಖ ಊದಿದ ಹಾಗೆ. ಕೇಳಿಸುವ ಕಿವಿ ಪಕ್ಕದಲ್ಲೇ ಇತ್ತು.

ಚಿಪ್ಪು ಬಿಡಿಸಿ ನೋಡಿದೆವು. ಮುಲಾಮು ಅಳಿಸಿದ್ದು ಅವಳು ಇದೆ ಅಂದ ಆ ಮೂರೇ ಕಡೆ.

ಕಣ್ಣು ಮುಚ್ಚಿಕೊಂಡೇ ಇದ್ದಾಗ ಅವಳು ಇನ್ನೂ ಒಂದಿಷ್ಟು ಹೇಳಿದಳು. ಕಾಲ ಬೆರಳೂ ಹೀಗೇ ಇದೆಯಂತೆ, ಮೆಟ್ಟಿಲಿಳಿಯುವಾಗ ಹೆದರಿಕೆಯಂತೆ. ಮುಂದಿನ ಸ್ಕ್ಯಾನಿನ ಮಾತು ಯಾರಾದರೂ ಎತ್ತಿದರೆ ಸಿಡಿಯುವ ಹಾಗಾಗುತ್ತದಂತೆ. ನಾನು ಪೆನ್ಸಿಲು ಹಿಡಿದುಕೊಂಡು ಕೇಳಿಸಿಕೊಂಡೆ.

ಮಾರ್ಚ್ 31, ಮಂಗಳವಾರ

ಮೂರನೇ ಚಿಪ್ಪು. ಮುಂಭಾಗ ಬೆಣ್ಣೆಯಷ್ಟು ನುಣುಪು, ಬೆರಳಿಗೆ ಏನೂ ತಾಗದ ಹಾಗೆ. ಅಂಗೈ ಒತ್ತುವ ಕಡೆ ಮತ್ತು ಹೆಬ್ಬೆರಳ ಉಬ್ಬಿಗೆ ಮಾತ್ರ ಚುಕ್ಕಿ, ಅದೂ ಅಂಚು ಉಜ್ಜಿ ಮೊಂಡು ಮಾಡಿದ್ದು. ಕುದುರೆಗಿಂತ ಮೇಲೆ, ಪಿಸ್ತೂಲಿನ ಪಕ್ಕದಲ್ಲಿ, ತೋರುಬೆರಳ ಬುಡ ಬಂದು ತಾಗುವ ಕಡೆ ಬಟಾಣಿಯಷ್ಟು ಒಂದು ಚುಕ್ಕಿಗುಂಪು. ಅದು ತಾಗಿದರೆ ಬೆರಳು ಹೊರಗಿದೆ ಅಂತ ಅರ್ಥ. ಕಣ್ಣು ಬೇಕಿಲ್ಲ.

ನೋಡಲು ಚಂದವಿಲ್ಲ. ಹುಳುಕಡ್ಡಿ ಹಿಡಿದ ಬೆನ್ನಿನ ಹಾಗಿದೆ. ಡೆಲ್ಬರ್ಟ್ ನೋಡಿ, ಅರ್ಧಕ್ಕೇ ಕರೆಂಟು ಹೋಯಿತೇನೋ ಅಂದ.

ಏಪ್ರಿಲ್ 4, ಶನಿವಾರ

ನಾಳೆ ಈಸ್ಟರ್. ಬುಟ್ಟಿಯಲ್ಲಿ ಹ್ಯಾಮು, ಮೊಟ್ಟೆಗಿಣ್ಣು, ಸಿಹಿ ಬ್ರೆಡ್ಡು ಇಟ್ಟು ಚರ್ಚಿನಲ್ಲಿ ಪವಿತ್ರ ನೀರು ಚಿಮುಕಿಸಿಕೊಂಡು ಬಂದೆವು. ಪ್ರತಿ ವರ್ಷ ಮುಲ್ಲಂಗಿಯ ಜಾತಿಯ ಆ ಘಾಟು ಗೆಡ್ಡೆಯನ್ನು ತುರಿಯುವವಳು ನೋರೀನ್. ಈ ಸಲ ನಾನು ತುರಿದೆ. ಕಣ್ಣಲ್ಲಿ ಧಾರಾಕಾರ. ಘಾಟು ಇಳಿದ ಮೇಲೂ ನಿಲ್ಲಲಿಲ್ಲ. ಅವಳು ಹಿಂದಿನಿಂದ ಬಂದು ಬೆನ್ನಿಗೆ ಕೈಯಿಟ್ಟು ನಿಂತಳು. ತುರಿದದ್ದು ಸಾಕು ಕಣೋ, ಇಡೀ ಕಣಿವೆಗೆ ಆಗುತ್ತದೆ ಅಂದಳು.

ಏಪ್ರಿಲ್ 11, ಶನಿವಾರ

ಬಿಸಿಲಿತ್ತು, ಗಾಳಿ ಚಳಿ. ಬೆಳಿಗ್ಗೆ ಹತ್ತಕ್ಕೆ ಕ್ಲಬ್ಬಿಗೆ ಹೋದೆವು. ಕಾರಿನಲ್ಲಿ ಅವಳ ಕೈ ಬೆಚ್ಚಗಿರಲೆಂದು ಬಿಸಿನೀರಿನ ಬಾಟಲಿ ಕೊಟ್ಟಿದ್ದೆ. ಡೆಲ್ಬರ್ಟ್ ಇವತ್ತು ತಮಾಷೆ ಮಾಡಲಿಲ್ಲ. ಪಿಸ್ತೂಲು ಖಾಲಿ ಇದೆಯೆಂದು ತಾನೊಮ್ಮೆ ನೋಡಿ, ಅವಳಿಗೊಮ್ಮೆ ತೋರಿಸಿ, ಮೇಜಿನ ಮೇಲಿಟ್ಟು ಪಕ್ಕಕ್ಕೆ ನಿಂತ. ನಾನು ಬೇಲಿಯ ಹಿಂದೆ, ಕುರ್ಚಿ ಮಡಚಿಕೊಂಡೇ ನಿಂತಿದ್ದೆ.

ಒಂದು, ಎರಡು, ಮೂರು. ಕೈ ಬಂತು, ಹಿಡಿಯಿತು, ಎದ್ದಿತು. ಜಾರುವ ಮಾತೇ ಇರಲಿಲ್ಲ. ಆರರವರೆಗೂ ಹಾಗೇ.

ಏಳನೆಯದರಲ್ಲಿ ಪಿಸ್ತೂಲು ಇನ್ನೂ ಅರ್ಧ ದಾರಿಯಲ್ಲಿತ್ತು. ನನಗೆ ಏನೂ ಕಾಣಲಿಲ್ಲ. ಡೆಲ್ಬರ್ಟನಿಗೂ ಕಂಡಿರಲಿಲ್ಲವಂತೆ, ಅವನು ಆಗ ಬಿಸಿಲಿಗೆ ಕಣ್ಣು ಕಿರಿದು ಮಾಡಿದ್ದನಂತೆ. ನೋರೀನ್ ತಾನೇ ನಿಂತಳು. ಪಿಸ್ತೂಲನ್ನು ನಿಧಾನವಾಗಿ ಮೇಜಿನ ಮೇಲಿಟ್ಟು ಹಿಂದಕ್ಕೆ ಸರಿದಳು.

“ಬೆರಳು ಒಳಗೆ ಹೋಯ್ತು, ಡೆಲ್ಬರ್ಟ್.”

“ನಾನು ನೋಡ್ಲಿಲ್ಲ ತಾಯಿ.”

“ನೀನು ನೋಡದಿದ್ರೆ ಏನಾಯ್ತು, ಹೋದದ್ದು ಹೋಯ್ತು.”

ಅವನು ಟೋಪಿ ತೆಗೆದು ತಲೆ ಕೆರೆದುಕೊಂಡ. ನನ್ನ ಕಡೆ ನೋಡಿದ. ನಾನು ಒಂದು ಮಾತು ಹೇಳಿದ್ದರೆ ಅವನು ಏಳನೆಯದನ್ನು ಇನ್ನೊಮ್ಮೆ ಎತ್ತಿಸುತ್ತಿದ್ದನೋ ಏನೋ. ನಾನು ಹೇಳಲಿಲ್ಲ. ಒಂದು ತಿಂಗಳು ಅವಳು ನನ್ನ ಮುಖ ನೋಡಿ ಸುಳ್ಳು ಹೇಳಿದಳು, ಈಗ ಯಾರ ಮುಖವನ್ನೂ ನೋಡದೆ ನಿಜ ಹೇಳಿದ್ದಾಳೆ. ಅದರ ಮೇಲೆ ಕೈಯಾಡಿಸುವುದು ಬೇಡ ಅನ್ನಿಸಿತು.

ಮಂಗಳವಾರ ಇಲ್ಲ ಹಾಗಾದರೆ ಅಂದ ಡೆಲ್ಬರ್ಟ್. ಆಮೇಲೆ, ಎರಡನೇ ಸಲ ಪರೀಕ್ಷೆ ಕೊಡಬಾರದು ಅಂತ ನಿಯಮದಲ್ಲಿ ಎಲ್ಲೂ ಬರೆದಿಲ್ಲ, ಮೇ ಒಂಬತ್ತಕ್ಕೆ ಬಾ ಅಂದ. ಸ್ಯಾಂಡ್‌ವಿಚ್ಚು ಮೂವರೂ ಹಂಚಿಕೊಂಡು ತಿಂದೆವು.

ಕಾರು ಸೇತುವೆ ದಾಟಿತು. ಅಳುತ್ತಿದ್ದಾಳೆಯೇ ಅಂತ ಓರೆಗಣ್ಣಿನಿಂದ ನೋಡಿದೆ. ಅವಳು ತೋರುಬೆರಳನ್ನು ಮಡಚುತ್ತಾ ಬಿಡಿಸುತ್ತಾ ಕೂತಿದ್ದಳು.

“ಆ ಬಟಾಣಿ ಮುಂದಾಯ್ತು ಕಣೋ.”

ಏನು ಅಂದೆ.

“ಕಾಲಿಂಚು ಹಿಂದಕ್ಕೆ ಬರ್ಬೇಕು. ಅಡುಗೆಮನೇಲಿ ಕೂತಾಗ ಸರಿ ಇತ್ತು. ನಿಂತು ತೋಳು ಚಾಚಿದ್ರೆ ಬೆರಳ ಬುಡ ಹಿಂದಕ್ಕೆ ಸರಿಯುತ್ತೆ, ಅಲ್ಲಿಗೆ ತಾಗೋದೇ ಇಲ್ಲ. ಅಂಗೈ ಕೆಳಗಿಂದೂ ಚುಚ್ಚುತ್ತೆ. ಎಷ್ಟು ವರ್ಷ ಮಾಡಿದ್ದೀಯ ಈ ಕೆಲಸ? ಜನ ಹೇಗೆ ಅನ್ನ ಅಗೀತಿದ್ರು?”

ನಾನು ಕಾರನ್ನು ಪೆಟ್ರೋಲ್ ಬಂಕಿನ ಅಂಗಳಕ್ಕೆ ತಿರುಗಿಸಿ ನಿಲ್ಲಿಸಿದೆ. ಪೆಟ್ರೋಲ್ ಬೇಕಿರಲಿಲ್ಲ. ಏನಾಯಿತು ಅಂತ ಕೇಳಿದಳು. ಇನ್ನೊಂದು ಸಲ ಹೇಳು ಅಂದೆ. ನಿನಗೆ ಕಿವಿಯೂ ಹೋಯಿತೇ ಅಂದು, ಮೊದಲಿನಿಂದ ಮತ್ತೆ ಹೇಳಿದಳು.

ಏಪ್ರಿಲ್ 12, ಭಾನುವಾರ

ತಪ್ಪು ನನ್ನದೇ. ಬಾಯಿ ತೆರೆದು ಕುರ್ಚಿಯಲ್ಲಿ ಒರಗಿದವನ ಕಡಿತ ನೋಡಬಾರದು, ನೆಟ್ಟಗೆ ಕೂರಿಸಿ ಕಚ್ಚಿಸಬೇಕು ಅಂತ ಮೊದಲ ವರ್ಷವೇ ಕಲಿತ ಪಾಠ. ನಿಂತು ಹಾರಿಸುವವಳನ್ನು ಮೇಜಿನ ಮುಂದೆ ಕೂರಿಸಿ ಅಳತೆ ತೆಗೆದೆ.

ಮಧ್ಯಾಹ್ನ ಅವಳನ್ನು ಅಡುಗೆಮನೆಯ ನಡುವೆ ನಿಲ್ಲಿಸಿ, ಬರಿಯ ಚಿಪ್ಪಿಗೆ ಮುಲಾಮು ಸವರಿ ಕೊಟ್ಟೆ. ಗೋಡೆ ಗಡಿಯಾರದ ಕಡೆ ತೋಳು ಚಾಚಿದಳು. ಎಲ್ಲಿ ಒತ್ತುತ್ತದೆ ಹೇಳು ಅಂದೆ. ಹೇಳಿದಳು. ಬರೆದುಕೊಳ್ಳಲು ಕಾಗದ ಸಿಗದೆ ಈ ಪುಸ್ತಕದಲ್ಲೇ ಬರೆದುಕೊಂಡೆ, ಆ ಹಾಳೆಯ ತುಂಬ ಮುಲಾಮಿನ ಬೆರಳು. ಬಟಾಣಿ ಮುಂದಾಗಿದೆ. ಅಂಗೈ ಚುಚ್ಚುತ್ತದೆ. ಹೆಬ್ಬೆರಳ ಕಡೆ ಸಾಲದು. ಮುಲಾಮು ಮಗುವಿನ ವಾಸನೆ ಹೊಡೆಯುತ್ತದೆ. ನಾನು ಬೆಳಕಿಗೆ ಅಡ್ಡ ನಿಂತಿದ್ದೇನೆ. ಸೂಪಿಗೆ ಉಪ್ಪು ಕಮ್ಮಿಯಾಗಿತ್ತು, ನಿನ್ನೆಯದಕ್ಕೂ.

ಚಿಪ್ಪು ತೆಗೆದುಕೊಂಡು ನೆಲಮಾಳಿಗೆಗೆ ಇಳಿಯುತ್ತಿದ್ದೆ. ಅರ್ಧ ಮೆಟ್ಟಿಲಲ್ಲಿದ್ದಾಗ ಕೂಗಿದಳು, ಇನ್ನೂ ಒಂದಿದೆ, ಮೇಲೆ ಬಾ ಅಂತ.

ಹೋದೆ.